ಟೇಪಣ್ಣನ ಕಾಣದ ಜಾಯಿಂಟು

ಅವನಿಗೆ ಟೇಪಣ್ಣ ಎಂದು ಹೆಸರಿಟ್ಟವರ ಬಾಯಿಗೆ ಸಕ್ಕರೆ ಹಾಕಬೇಕು. ಅಳತೆಯ ಟೇಪು ಅವನ ಕೊರಳಿನಿಂದ ಇಳಿದದ್ದನ್ನು ಬೀದಿಯಲ್ಲಿ ಕಂಡವರಿಲ್ಲ. ಸ್ನಾನಕ್ಕೆ ಹೋಗುವಾಗ ತೆಗೆಯುತ್ತಾರೆ ಎಂದು ಅವನ ಹೆಂಡತಿ ಹೇಳುತ್ತಾಳೆ. ಹೆಂಡತಿಯ ಮಾತು, ನಂಬೋಣ.

ಬೀದಿಯ ತಿರುವಿನಲ್ಲಿ ಅವನ ಮನೆ, ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಬಾಗಿಲ ಹತ್ತಿರ ಕಾಲಲ್ಲಿ ತುಳಿಯುವ ಮಿಷನ್ನು, ಅದರ ಹಿಂದೆ ಅವನು. ಕಿಟಕಿಯ ಹತ್ತಿರ ಒಂದು ಗಿಡ್ಡ ಸ್ಟೂಲು, ಅದರ ಮೇಲೆ ಅವನ ಹೆಂಡತಿ. ಅವನು ಕತ್ತರಿಸಿ ಹೊಲಿದದ್ದಕ್ಕೆ ಗುಂಡಿ ತೂರಿಸುವ ಕಾಜಾ ಮಾಡುವುದು, ಗುಂಡಿ ಹೊಲಿಯುವುದು, ಅಂಚು ಮಡಿಸಿ ಕೈಹೊಲಿಗೆ ಹಾಕುವುದು ಅವಳ ಕೆಲಸ. ಊರಿನವರ ಅಂಗಿಗಳೆಲ್ಲ ಎದೆಯ ಮೇಲೆ ನಿಂತಿರುವುದು ಅವಳು ಹಾಕಿದ ಗುಂಡಿಯಿಂದ. ಅಂಗಡಿಯ ಬೋರ್ಡಿನಲ್ಲಿ ಮಾತ್ರ ಅವನೊಬ್ಬನ ಹೆಸರಿದೆ.

ಟೇಪಣ್ಣನಿಗೆ ಎರಡು ಜಂಬ. ಒಂದು, ಅವನು ಯಾರ ಅಳತೆಯನ್ನೂ ಬರೆದಿಡುವುದಿಲ್ಲ. ಒಮ್ಮೆ ಟೇಪು ಸುತ್ತಿದನೆಂದರೆ ಆ ಮನುಷ್ಯನ ಎದೆ, ಸೊಂಟ, ತೋಳು ಎಲ್ಲ ಅವನ ತಲೆಯೊಳಗೆ ಹೋಗಿ ಕೂರುತ್ತವೆ. ದಾರಿಯಲ್ಲಿ ಸಿಕ್ಕ ಗಿರಾಕಿಗೆ "ಹೇಗಿದ್ದೀರಿ" ಎನ್ನುವ ಬದಲು "ಸೊಂಟ ಎರಡಿಂಚು ಹೆಚ್ಚಾಗಿದೆಯಲ್ಲ" ಎಂದು ಕೇಳಿ ಮುಖ ಕೆಡಿಸಿ ಕಳಿಸುವುದು ಅವನ ಪದ್ಧತಿ. ಇನ್ನೊಂದು, ಅವನ ಕೈಯಲ್ಲಿ ಎರಡು ತುಂಡು ಬಟ್ಟೆ ಸೇರಿದರೆ ಸೇರಿದ ಜಾಗ ದೇವರಿಗೂ ಕಾಣುವುದಿಲ್ಲ. ಜೋಡಣೆ ಕಂಡರೆ ಅದು ಹೊಲಿಗೆಯಲ್ಲ, ತೇಪೆ ಎಂದು ಅವನ ವಾದ. ಈ ಎರಡು ಜಂಬವೂ ಸುಳ್ಳಲ್ಲ. ಅವನು ಕೆಟ್ಟದ್ದು ಅವುಗಳಿಂದಲೇ.

ಈ ಕಥೆಯಲ್ಲಿ ಇನ್ನೊಬ್ಬನಿದ್ದಾನೆ, ಟೇಪಣ್ಣನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಎರಡು ಬೀದಿ ಆಚೆ ಮನೆ. ಆಳು ದಪ್ಪ, ದನಿ ಅದಕ್ಕಿಂತ ದಪ್ಪ. ಟೇಪಣ್ಣ ಹೊಲಿದುಕೊಟ್ಟ ಪ್ಯಾಂಟು ಹಾಕಿಕೊಂಡು ಅವನು ಯಾರದೋ ಮನೆಯಲ್ಲಿ ಏಣಿ ಹತ್ತಿದ್ದಾಗ ಹಿಂಭಾಗ ಪರ್ರನೆ ಹರಿಯಿತು. ಹರಿದದ್ದು ಹರಿಯಿತು, ಸುಮ್ಮನಿರಬಹುದಿತ್ತು. ಆದರೆ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಅವನು ಅದನ್ನು ಬಡಿಸಿದ.

"ನಮ್ಮ ಟೇಪಣ್ಣ ಹೊಲಿದ ಪ್ಯಾಂಟು ಹಾಕ್ಕೊಂಡು ಏಣಿ ಹತ್ತೋ ಮುಂಚೆ ಕೆಳಗೆ ಹೆಂಗಸರು ಇದ್ದಾರಾ ಅಂತ ನೋಡ್ಕೋಬೇಕಪ್ಪ," ಎಂದ.

"ತಪ್ಪು ಪ್ಯಾಂಟಿಂದಲ್ಲ ಅಣ್ಣ, ಒಳಗೆ ತುಂಬಿಸಿದ ಸಾಮಾನಿಂದು," ಎಂದ ಟೇಪಣ್ಣ.

ಮಾವನವರಿಗೆ ನೆತ್ತಿಗೇರಿ ಕೆಮ್ಮು ಬಂತು. ಅಲ್ಲಿಂದ ಷಡ್ಡಕರಿಬ್ಬರ ನಡುವೆ ಮಾತು ನಿಂತಿತು. ಅಕ್ಕ ತಂಗಿಯರು ಮಾತ್ರ ಗಂಡಂದಿರ ಮುಖ ನೋಡಿಕೊಂಡು ಬಾಳುವುದಕ್ಕಾಗುತ್ತದೆಯೇ ಎಂದು ಮೊದಲಿನ ಹಾಗೇ ಹೋಗಿ ಬಂದು ಮಾಡುತ್ತಿದ್ದರು.

ಇಂಥ ಹೊತ್ತಿನಲ್ಲೇ ಟೇಪಣ್ಣನ ಮನೆಯ ವೈರಿಂಗ್ ಕೈಕೊಟ್ಟಿತು. ಅವನ ಅಪ್ಪ ಹಾಕಿಸಿದ್ದ ಕಾಲದ್ದು. ಸ್ವಿಚ್ ಒತ್ತಿದರೆ ಚಿಟಿಚಿಟಿ ಸದ್ದು, ಹಾಲಿನ ಫ್ಯಾನು ತಿರುಗುವುದಕ್ಕಿಂತ ಗೊಣಗುವುದೇ ಹೆಚ್ಚು, ಅಡುಗೆಮನೆಯಲ್ಲಿ ಒದ್ದೆ ಕೈಯಲ್ಲಿ ಗೋಡೆ ಮುಟ್ಟಿದರೆ ಚುರ್ ಎನ್ನುವುದು.

"ಭಾವನ್ನ ಕರೀರಿ," ಎಂದಳು ಹೆಂಡತಿ.

"ಅವನನ್ನ ಯಾಕೆ ಕರೀಬೇಕು? ವೈರು ಅಂದ್ರೇನು, ದಪ್ಪ ದಾರ. ಹುಟ್ಟಿದಾಗಿಂದ ದಾರ ಹಿಡಿದ ಕೈ ಇದು," ಎಂದ ಟೇಪಣ್ಣ. "ಮೇನ್ ಆಫ್ ಮಾಡಿದ್ರೆ ಅದೂ ದಾರಾನೇ, ಇದೂ ದಾರಾನೇ."

ಹಿಡಿದ ಪಟ್ಟು ಬಿಡುವ ಜಾತಿಯಲ್ಲ ಅವನು. ಭಾನುವಾರ ಬಂತೆಂದರೆ ಮಿಷನ್ನಿಗೆ ಬಟ್ಟೆ ಮುಚ್ಚಿ, ಉಳಿ ಸುತ್ತಿಗೆ ಹಿಡಿದು ಗೋಡೆ ಕೊರೆಯುವುದು. ಧೂಳು ತಿಂದು ತಿಂದು ಹೆಂಡತಿಗೆ ಸಾಕಾಯಿತು. ನಿಜ ಹೇಳಬೇಕೆಂದರೆ ಕೆಲಸ ಅಚ್ಚುಕಟ್ಟಾಗಿಯೇ ಇತ್ತು. ವೈರಿಂಗ್ ಸಾಮಾನಿನ ಅಂಗಡಿಯವನನ್ನು ಕೇಳಿ ಕೇಳಿ ಅವನ ಪ್ರಾಣ ಹಿಂಡಿ, ಯಾವ ಬಣ್ಣದ ವೈರು ಎಲ್ಲಿಗೆ, ಅರ್ತ್ ಎಲ್ಲಿಗೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಆದರೆ ದರ್ಜಿ ಎಲ್ಲಿ ಹೋದರೂ ದರ್ಜಿಯೇ. ತುಂಡು ಬಟ್ಟೆ ಎಸೆಯದವನು ತುಂಡು ವೈರು ಎಸೆದಾನೆಯೇ? ಮಿಕ್ಕ ತುಂಡುಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಕರೆಂಟಿನ ಕಪ್ಪು ಟೇಪು ಸುತ್ತಿ, ಗೋಡೆಯೊಳಗೆ ಮಲಗಿಸಿ, ಮೇಲೆ ಗಾರೆ ಮೆತ್ತಿ, ಪುಟ್ಟಿ ಉಜ್ಜಿ, ಬಣ್ಣ ಬಳಿದ. ಬಳಿದಾದ ಮೇಲೆ ಗೋಡೆಯ ಮೇಲೆ ಅಂಗೈ ಆಡಿಸಿ ನೋಡಿಕೊಂಡ. ಎಲ್ಲಿ ಸೇರಿಸಿದ್ದು ಎಂದು ಅವನಿಗೇ ತಿಳಿಯಲಿಲ್ಲ. ತನ್ನ ಬೆನ್ನು ತಾನೇ ತಟ್ಟಿಕೊಂಡ.

ಮಲಗುವ ಕೋಣೆಗೆ ಬರುವ ಹೊತ್ತಿಗೆ ವೈರು ಸಾಲದೆ ಹೋಯಿತು. ನೇರವಾಗಿ ಮೇಲಕ್ಕೆ ಒಯ್ದು ಅಡ್ಡಕ್ಕೆ ತಿರುಗಿಸಬೇಕಾದ ಕಡೆ, ಸ್ವಿಚ್ ಬೋರ್ಡಿನಿಂದ ಗೋಡೆಗುಂಟ ಓರೆಯಾಗಿ ಕೊರೆದ. ಬಟ್ಟೆಯಲ್ಲಿ ಕ್ರಾಸ್ ಕಟ್ ಇಲ್ಲವೇ, ಹಾಗೆ. ಅಲ್ಲೂ ನಡುವೆ ಒಂದು ಜಾಯಿಂಟು ಬೇಕಾಯಿತು. ಕಪಾಟಿನ ಪಕ್ಕದಲ್ಲಿ ಹೆಂಡತಿಯನ್ನು ನಿಲ್ಲಿಸಿ ವೈರಿನ ತುದಿ ಅವಳ ಕೈಗೆ ಕೊಟ್ಟ.

"ಕೈ ಎತ್ತಿ ಹಿಡಿ. ಇನ್ನೂ ಸ್ವಲ್ಪ ಮೇಲೆ."

"ಇಷ್ಟೇ ಹೋಗೋದು."

"ಕೈ ಎತ್ತೋದಕ್ಕೂ ಸೋಮಾರಿತನ ನಿಂಗೆ," ಎಂದು ಗೊಣಗಿಕೊಂಡು, ಅವಳ ಕೈ ಎಲ್ಲಿತ್ತೋ ಅಲ್ಲೇ ಜೋಡಿಸಿ ಮುಚ್ಚಿದ.

ಕೆಲಸ ಮುಗಿದ ದಿನ ಮೇನ್ ಹಾಕಲು ಹೊರಟವನನ್ನು ಹೆಂಡತಿ ಅಡ್ಡಗಟ್ಟಿದಳು.

"ಭಾವ ಬಂದು ನೋಡೋವರೆಗೂ ಮೇನ್ ಹಾಕ್ಬಾರ್ದು."

"ನನ್ನ ಮನೆ, ನನ್ನ ವೈರು. ಅವನ್ಯಾರು ನೋಡೋಕೆ?"

"ಒದ್ದೆ ಕೈಯಲ್ಲಿ ಗೋಡೆ ಮುಟ್ಟೋಳು ನಾನು," ಎಂದಳು ಅವಳು. ಜಗಳ ಬೆಳೆಸಲಿಲ್ಲ. ಮೇನಿನ ಪಿಂಗಾಣಿ ಫ್ಯೂಸನ್ನು ಕಿತ್ತು, ಸೆರಗಿನಲ್ಲಿ ಒರೆಸಿ, ಸೂಜಿ ದಾರದ ಚೀಲದೊಳಗೆ ಹಾಕಿಕೊಂಡಳು. "ಪಾಸ್ ಆಯ್ತು ಅಂತ ಭಾವ ಹೇಳಿದ ದಿನ ಬರ್ತೀನಿ," ಎಂದು ನಾಲ್ಕು ಬಟ್ಟೆ ಗಂಟು ಕಟ್ಟಿಕೊಂಡು ಅಕ್ಕನ ಮನೆಗೆ ನಡೆದಳು.

ಮೊದಲ ದಿನ ಟೇಪಣ್ಣ ಮೀಸೆ ತಿರುವಿದ. ಎರಡನೆಯ ದಿನ ಹೊಲಿದ ಅಂಗಿಗಳಿಗೆ ಕಾಜಾ ಮಾಡುವವರಿಲ್ಲ ಎಂದು ಹೊಳೆಯಿತು. ತಾನೇ ಮಾಡಲು ಕೂತ. ಅವು ಕಾಜಾದ ಹಾಗಿರಲಿಲ್ಲ, ಇಲಿ ಕಡಿದ ಹಾಗಿದ್ದವು. ಅಂಗಿಗಳ ಗಂಟನ್ನು ಅಕ್ಕನ ಮನೆಗೇ ಕಳಿಸಬೇಕಾಯಿತು. ಗುಂಡಿ ಸಮೇತ ಅವು ಒಪ್ಪವಾಗಿ ಮಡಿಸಿ ವಾಪಸ್ಸು ಬರುತ್ತಿದ್ದವು, ಅವಳೊಬ್ಬಳು ಬರುತ್ತಿರಲಿಲ್ಲ. ಸಂಜೆಯಾದರೆ ದೀಪವಿಲ್ಲದ ಮನೆ ಬಿಕೋ ಎನ್ನುತ್ತಿತ್ತು. ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವನು. ಆದರೆ ಅವಳಿಲ್ಲದೆ ಅವನಿಗೆ ಆಗುತ್ತಿರಲಿಲ್ಲ, ಅಷ್ಟೇ ಸಂಗತಿ. ಕಿಟಕಿಯ ಹತ್ತಿರದ ಗಿಡ್ಡ ಸ್ಟೂಲನ್ನು ಎರಡು ಸಲ ಒಳಗಿಟ್ಟ, ಎರಡು ಸಲವೂ ತಂದು ಮತ್ತೆ ಅಲ್ಲೇ ಇಟ್ಟ.

ಕೊನೆಗೆ ಬಾಲ ಮುದುರಿಕೊಂಡು, ಅಂಗಿಗಳ ಗಂಟಿನೊಂದಿಗೆ ಮಾತು ಕಳಿಸಿದ: ಬೇಕಿದ್ದರೆ ಅಣ್ಣ ಬಂದು ನೋಡಲಿ. "ಭಾನುವಾರ ಬೆಳಿಗ್ಗೆ ಬರ್ತೀನಿ, ರೆಡಿಯಾಗಿರು," ಎಂದು ಷಡ್ಡಕ ಉತ್ತರ ಕಳಿಸಿದ.

ರೆಡಿಯಾಗುವುದೆಂದರೆ ಏನು ಎಂದು ಟೇಪಣ್ಣನಿಗೆ ಗೊತ್ತಿರಲಿಲ್ಲ. ಮನೆಗೆ ಯಾರೋ ದೊಡ್ಡ ಮನುಷ್ಯರು ಬರುತ್ತಾರೆಂಬಂತೆ ತಯಾರಿ ನಡೆಸಿದ. ಸ್ವಿಚ್ಚುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ, ಆಮೇಲೆ ಒದ್ದೆ ಬಟ್ಟೆ ಯಾಕೆ ಎಂದು ಭಯವಾಗಿ ಒಣ ಬಟ್ಟೆಯಲ್ಲಿ ಒರೆಸಿದ. ಸ್ವಿಚ್ ಬೋರ್ಡಿನ ಸ್ಕ್ರೂಗಳ ಗೀಟೆಲ್ಲ ಒಂದೇ ದಿಕ್ಕಿಗೆ ನಿಲ್ಲುವಂತೆ ತಿರುಗಿಸಿದ. ಯಾವ ಸ್ವಿಚ್ಚು ಯಾವುದಕ್ಕೆ ಎಂದು ಚಿಕ್ಕ ಬಟ್ಟೆಯ ಪಟ್ಟಿಗಳ ಮೇಲೆ ದಾರದಲ್ಲಿ ಹೊಲಿದು, ಅಂಗಿಯ ಕಾಲರಿಗೆ ಅಂಗಡಿಯ ಹೆಸರು ಹಚ್ಚುವಂತೆ ಬೋರ್ಡಿನ ಮೇಲೆಲ್ಲ ಅಂಟಿಸಿದ. ಅಡುಗೆಮನೆಯಲ್ಲಿ ಡಬ್ಬಗಳೆಲ್ಲ ಕಟ್ಟೆಯ ಮೇಲೆ ಒತ್ತೊತ್ತಾಗಿ ಕೂತಿದ್ದವು. ಮೇಲಿನ ಶೆಲ್ಫು ಮಾತ್ರ ಖಾಲಿ, ಒಂದು ಬೆರಳು ಧೂಳು. ಇಷ್ಟು ಜಾಗ ಬಿಟ್ಟು ಎಲ್ಲ ಕೆಳಗೆ ಪೇರಿಸಿದ್ದಾಳಲ್ಲ ಎಂದು ಬೈದುಕೊಂಡು ಡಬ್ಬಗಳನ್ನೆಲ್ಲ ಎತ್ತಿ ಮೇಲಿಟ್ಟ.

ಶನಿವಾರ ಮಧ್ಯಾಹ್ನ ಹೆಂಡತಿಯೇ ಬಂದಳು. ಒಳಗೆ ಬರಲಿಲ್ಲ, ಹೊಸಿಲ ಹತ್ತಿರ ನಿಂತು ಕಾಜಾ ಮಾಡಿದ ಅಂಗಿಗಳ ಗಂಟು ಕೊಟ್ಟಳು.

"ಭಾವ ಏನೇನು ಕೇಳ್ತಾರೆ ಅಂತ ವಿಚಾರಿಸ್ಕೊಂಡು ಬಂದೆ," ಎಂದಳು. ಮಾತು ಬಿಟ್ಟಿದ್ದು ಗಂಡಂದಿರು ತಾನೇ. "ಬೋರ್ಡೆಲ್ಲ ಬಿಚ್ಚಿ ನೋಡ್ತಾರಂತೆ. ಅರ್ತ್ ನೋಡ್ತಾರಂತೆ. ಗೋಡೆಯಲ್ಲಿ ಎಲ್ಲೆಲ್ಲಿ ಜಾಯಿಂಟ್ ಇದೆಯೋ ಅದೆಲ್ಲ ಕಣ್ಣಿಗೆ ಕಾಣ್ಬೇಕಂತೆ. ಒಂದು ಕಾಣದಿದ್ರೂ ಪಾಸಿಲ್ಲವಂತೆ."

"ಜಾಯಿಂಟು ಕಾಣ್ಬೇಕಾ?"

"ಬೆಂಕಿ ಹತ್ತೋದು ಅಲ್ಲೇ ಅಂತೆ. ಗೋಡೆ ಒಳಗೆ ಮುಚ್ಚಿದ್ರೆ ಹೊತ್ತಿದ್ದೂ ಗೊತ್ತಾಗಲ್ಲವಂತೆ. ಯಾಕ್ರೀ, ಮುಖ ಹಾಗಾಯ್ತು?"

"ಏನಿಲ್ಲ. ನೀನು ಹೋಗು," ಎಂದ ಟೇಪಣ್ಣ.

ಅವಳು ಹೋದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತ. ಯಾವುದನ್ನು ದೇವರಿಗೂ ಕಾಣದಂತೆ ಮಾಡಿದ್ದನೋ ಅದನ್ನು ಈಗ ಷಡ್ಡಕನಿಗೆ ತೋರಿಸಬೇಕು. ಗೋಡೆಗಳು ನುಣ್ಣಗೆ, ನೆಟ್ಟಗೆ, ಏನೂ ಅರಿಯದವರ ಹಾಗೆ ನಿಂತಿದ್ದವು. ಬೆರಳಿನಿಂದ ತಟ್ಟಿ ನೋಡಿದ. ಕಿವಿಯಿಟ್ಟು ಕೇಳಿದ. ಗೋಡೆಗೆ ಕಿವಿಯಿಟ್ಟು ನಿಂತದ್ದನ್ನು ಎದುರು ಮನೆಯಾಕೆ ಕಿಟಕಿಯಿಂದ ನೋಡಿ, ಹೆಂಡತಿ ಬಿಟ್ಟು ಹೋದ ಮೇಲೆ ಪಾಪ ಹೀಗಾಯಿತು ಎಂದುಕೊಂಡಿರಬೇಕು. ತಟ್ಟನೆ ಕಿಟಕಿ ಮುಚ್ಚಿದಳು.

ಆಮೇಲೆ ಅವನ ಮೊದಲನೆಯ ಜಂಬ ಎರಡನೆಯ ಜಂಬದ ನೆರವಿಗೆ ಬಂತು. ಗೋಡೆ ಕೊರೆಯುವಾಗಲೂ ಅವನು ಏನೂ ಬರೆದುಕೊಂಡಿರಲಿಲ್ಲ. ಆದರೆ ಬರೀ ಅಂಕಿ ಅವನ ತಲೆಯಲ್ಲಿ ನಿಲ್ಲುವುದಿಲ್ಲ, ಮೈ ಇದ್ದರೆ ನಿಲ್ಲುತ್ತದೆ. ಹಾಗಾಗಿ ಪ್ರತಿ ಗೋಡೆಯನ್ನೂ ಒಬ್ಬೊಬ್ಬ ಗಿರಾಕಿಯನ್ನಾಗಿ ಮಾಡಿಕೊಂಡಿದ್ದ. ಹಾಲಿನ ಅಗಲ ಗೋಡೆ ಬೇಕರಿಯವನು. ಅಡುಗೆಮನೆ, ಶಾಲೆಯ ಟೀಚರಮ್ಮ. ನಡುವಿನ ಸಣ್ಣ ಓಣಿ, ಬಿದಿರಿನ ಗಳದಂಥ ಬಸ್ ಕಂಡಕ್ಟರ್. ಜಾಯಿಂಟು ಬಿದ್ದ ಕಡೆಯೆಲ್ಲ ಇದು ಇವನ ಸೊಂಟ, ಇದು ಇವಳ ತೋಳು ಎಂದು ನೆನಪಿಟ್ಟುಕೊಂಡಿದ್ದ.

ಕೊರಳಿನ ಟೇಪು ತೆಗೆದ. ಬಾಗಿಲ ಚೌಕಟ್ಟಿನಿಂದ ಬಲಕ್ಕೆ ಬೇಕರಿಯವನ ಸೊಂಟದ ಸುತ್ತಳತೆ. ಸಣ್ಣ ದೂರವಲ್ಲ ಅದು, ಗೋಡೆಯ ಅರ್ಧಕ್ಕೆ ಬಂತು. ನೆಲದಿಂದ ಮೇಲಕ್ಕೆ ಅವನ ಪ್ಯಾಂಟಿನ ಉದ್ದ. ದರ್ಜಿಯ ಸೀಮೆಸುಣ್ಣದಲ್ಲಿ ಗುರುತು ಹಾಕಿ ಉಳಿಯಿಟ್ಟು ಎರಡು ಏಟು ಹಾಕಿದ. ಗಾರೆ ಉದುರಿತು. ಒಳಗೆ ಕಪ್ಪು ಟೇಪು ಸುತ್ತಿಕೊಂಡು ಜಾಯಿಂಟು ಮಲಗಿತ್ತು. ಟೇಪಣ್ಣನಿಗೆ ಬೇಕರಿಗೆ ಓಡಿಹೋಗಿ ಆ ಮನುಷ್ಯನ ಹೊಟ್ಟೆಯನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಟೀಚರಮ್ಮನ ತೋಳಿನುದ್ದಕ್ಕೆ ಇನ್ನೊಂದು ಸಿಕ್ಕಿತು. ಕಂಡಕ್ಟರನ ಮೊಣಕಾಲಿನ ಹತ್ತಿರ ಮತ್ತೊಂದು. ಸಂಜೆಯಾಗುವ ಹೊತ್ತಿಗೆ ನುಣ್ಣನೆಯ ಗೋಡೆಗಳೆಲ್ಲ ಸಿಡುಬೆದ್ದಂತೆ ಕಂಡವು.

ಉಳಿದದ್ದು ಮಲಗುವ ಕೋಣೆ. ಆ ಗೋಡೆಗೆ ಅವನು ಗಿರಾಕಿಯನ್ನು ಹುಡುಕಿರಲಿಲ್ಲ. ಅಲ್ಲಿ ಹೆಂಡತಿಯೇ ನಿಂತಿದ್ದಳಲ್ಲ. ಅವಳ ಅಳತೆಯೇನು ಕಷ್ಟ? ಮದುವೆಯಾದ ಹೊಸದರಲ್ಲಿ ಮೊದಲ ಬ್ಲೌಸು ಹೊಲಿಯಲು ತೆಗೆದದ್ದು ಇಂದಿಗೂ ನಾಲಿಗೆಯ ತುದಿಯಲ್ಲಿದೆ, ಅಲ್ಲಿಂದ ಇಲ್ಲಿಯವರೆಗೆ ಅದೇ ಅಳತೆಯಲ್ಲಿ ಹೊಲಿದು ಕೊಡುತ್ತಿದ್ದಾನೆ. ಕಪಾಟಿನ ಪಕ್ಕದಲ್ಲಿ ನೆಲದಿಂದ ಭುಜದವರೆಗೆ ಅಳೆದ, ಅದರ ಮೇಲೆ ಎತ್ತಿದ ತೋಳಿನ ಉದ್ದ, ಅದರ ಮೇಲೆ ಅಂಗೈ. ಗುರುತು ಹಾಕಿ ಕೊರೆದ. ಇಟ್ಟಿಗೆ. ಬಲಕ್ಕೆ ಕೊರೆದ. ಇಟ್ಟಿಗೆ. ಎಡಕ್ಕೆ, ಮೇಲಕ್ಕೆ, ಎಲ್ಲ ಕಡೆಯೂ ಇಟ್ಟಿಗೆಯೇ. ವೈರು ಓರೆಯಾಗಿ ಹೋದದ್ದರಿಂದ ಎಲ್ಲಿಂದ ಹಿಡಿದು ಹುಡುಕುವುದೋ ತಿಳಿಯಲಿಲ್ಲ. ಇಡೀ ಊರಿನ ಮೈ ತಪ್ಪದ ತಲೆ, ಹೆಂಡತಿಯೊಬ್ಬಳ ಮುಂದೆ ತಪ್ಪಿತು. ಇಂಗು ತಿಂದ ಮಂಗನಂತೆ ಆ ತೂತುಗಳನ್ನು ನೋಡುತ್ತಾ ಕೂತ.

ಭಾನುವಾರ ಬೆಳಿಗ್ಗೆ ಷಡ್ಡಕ ಬಂದ. ಹಿಂದೆ ಟೇಪಣ್ಣನ ಹೆಂಡತಿ, ಕೈಯಲ್ಲಿ ಸೂಜಿ ದಾರದ ಚೀಲ. ಫ್ಯೂಸು ಆ ಚೀಲದಲ್ಲೇ ಇತ್ತು, ಅದರ ಆಕಾರ ಹೊರಗಿನಿಂದಲೇ ಕಾಣುತ್ತಿತ್ತು.

ಷಡ್ಡಕ ಬೇಕೆಂದೇ ಆ ಪ್ಯಾಂಟು ಹಾಕಿಕೊಂಡು ಬಂದಿದ್ದ. ಹರಿದ ಜಾಗಕ್ಕೆ ಬೇರೆ ಯಾರೋ ದರ್ಜಿಯ ಕೈಯಲ್ಲಿ ತೇಪೆ ಹಾಕಿಸಿದ್ದ. ಪ್ಯಾಂಟು ಕಪ್ಪು, ತೇಪೆ ಕಂದು, ದಾರ ಬಿಳಿ. ಒಂದೊಂದು ಸ್ವಿಚ್ ಬೋರ್ಡು ಬಿಚ್ಚಲೂ ಟೇಪಣ್ಣನಿಗೆ ಬೆನ್ನು ಮಾಡಿ ಚೆನ್ನಾಗಿ ಬಗ್ಗುತ್ತಿದ್ದ. ಟೇಪಣ್ಣನ ಕಣ್ಣು ಉರಿಯುತ್ತಿತ್ತು, ಆದರೆ ಇವತ್ತು ಬಾಯಿಗೆ ಬೀಗ.

ಮೊದಲ ಬೋರ್ಡಿನೊಳಗಿನಿಂದ ವೈರು ಹಿಡಿದು ಎಳೆದರೆ ಬಂತು, ಬಂತು, ಬರುತ್ತಲೇ ಇತ್ತು.

"ಇದೇನಪ್ಪಾ ಇಷ್ಟುದ್ದ ಸುತ್ತಿ ತುರುಕಿದ್ದೀಯ?"

"ಅಂಗಿಗೆ ಬಿಡೋ ಹಾಗೆ ಒಳಗೆ ಬಿಟ್ಟಿರೋದಣ್ಣ. ನಾಳೆ ಬಿಚ್ಚಿ ಹಿಗ್ಗಿಸ್ಬೇಕಾದ್ರೆ ಇರ್ಲಿ ಅಂತ."

"ಮನೆ ಏನು ದಪ್ಪ ಆಗುತ್ತಾ?"

"ಯಾರ್ಯಾರೋ ಆಗ್ತಾರೆ," ಎಂದು ಟೇಪಣ್ಣನ ಬಾಯಿಂದ ಜಾರಿತು. ಹೆಂಡತಿ ಕೆಮ್ಮಿದಳು.

ಷಡ್ಡಕ ಅದನ್ನು ಹೊಟ್ಟೆಗೆ ಹಾಕಿಕೊಂಡ, ಆ ಹೊಟ್ಟೆಯಲ್ಲಿ ಜಾಗವಿತ್ತು. ಬಣ್ಣಗಳನ್ನು ನೋಡಿದ, ಅರ್ತ್ ನೋಡಿದ, ತನ್ನ ಮೀಟರಿನ ಎರಡು ಕಡ್ಡಿಗಳನ್ನು ಅಲ್ಲಿ ಇಲ್ಲಿ ಚುಚ್ಚಿ ನೋಡಿದ. ಗೋಡೆಯ ತೂತುಗಳೊಳಗಿನ ಜಾಯಿಂಟುಗಳನ್ನು ಒಂದೊಂದಾಗಿ ಜಗ್ಗಿದ. ಒಂದೂ ಕದಲಲಿಲ್ಲ. "ಹ್ಞೂಂ," ಎಂದ. ಅವನ ಬಾಯಲ್ಲಿ ಅದು ದೊಡ್ಡ ಹೊಗಳಿಕೆ. ಟೇಪಣ್ಣನ ಎದೆ ಸ್ವಲ್ಪ ಉಬ್ಬಿತು.

ಮಲಗುವ ಕೋಣೆಗೆ ಬಂದರು. ಕಪಾಟಿನ ಪಕ್ಕದ ತೂತುಗಳನ್ನು ನೋಡಿ ಷಡ್ಡಕ ಸೊಂಟದ ಮೇಲೆ ಕೈಯಿಟ್ಟು ನಿಂತ.

"ಇಲ್ಲಿ ಯಾವುದರ ಜೊತೆ ಗುದ್ದಾಡಿದ್ದೀಯ?"

"ಒಂದು ಜಾಯಿಂಟು ಸಿಗ್ತಾ ಇಲ್ಲಣ್ಣ," ಎಂದ ಟೇಪಣ್ಣ. ಈ ಮಾತು ಹೇಳುವಷ್ಟರಲ್ಲಿ ಅವನ ಮುಖ ಸಣ್ಣದಾಗಿತ್ತು. "ವೈರು ಓರೆಯಾಗಿ ಬಿಟ್ಟಿದ್ದೀನಿ."

"ಓರೆಯಾಗಿ? ಗೋಡೆಗೆ ವೈರು ಓರೆಯಾಗಿ ಯಾರು ಬಿಡ್ತಾರಯ್ಯ? ನಾಳೆ ಯಾರೋ ಒಂದು ಕ್ಯಾಲೆಂಡರಿಗೆ ಮೊಳೆ ಹೊಡೀತಾರೆ, ನೇರ ವೈರಿಗೇ ಹೋಗುತ್ತೆ. ಮೊಳೆ ಹಿಡಿದೋರು ಅಲ್ಲೇ ಹೋಗ್ತಾರೆ." ಷಡ್ಡಕನ ದನಿಯಲ್ಲಿ ತಮಾಷೆ ಇರಲಿಲ್ಲ. ಚೀಲದಿಂದ ದೊಡ್ಡ ಉಳಿ ತೆಗೆದ. "ಜಾಯಿಂಟು ಕಾಣದೆ ನಾನು ಪಾಸ್ ಅನ್ನಲ್ಲ. ಬೋರ್ಡಿಂದ ಹಿಡಿದು ಪೂರ್ತಿ ಗೋಡೆ ಸೀಳ್ತಾ ಹೋಗೋಣ, ಎಲ್ಲಿ ಸಿಗುತ್ತೋ ಸಿಗಲಿ."

ಆ ಗೋಡೆಯಾಚೆಯೇ ಅಂಗಡಿ. ಬಟ್ಟೆಯ ಕಪಾಟುಗಳು ಆ ಗೋಡೆಗೇ ಒರಗಿ ನಿಂತಿವೆ. ಟೇಪಣ್ಣನಿಗೆ ಗೋಡೆಗಿಂತ ಹೆಚ್ಚಾಗಿ ಹೆಂಡತಿಯ ಚೀಲ ಕಾಣುತ್ತಿತ್ತು. ಫ್ಯೂಸು ಬಂದ ದಾರಿ ಹಿಡಿದು ವಾಪಸ್ಸು ಹೋಗುತ್ತದೆ, ಹಿಂದೆಯೇ ಅವಳೂ.

"ತಾಳಿ ಭಾವ," ಎಂದಳು ಹೆಂಡತಿ. "ಅವತ್ತು ವೈರು ಹಿಡ್ಕೊಂಡು ನಿಂತಿದ್ದು ನಾನೇ ಅಲ್ವಾ."

ಚೀಲವನ್ನು ಮಂಚದ ಮೇಲಿಟ್ಟು ಕಪಾಟಿನ ಪಕ್ಕಕ್ಕೆ ಹೋಗಿ ನಿಂತಳು. ಕೈ ಎತ್ತಿದಳು. ಅವಳ ಕೈ ಟೇಪಣ್ಣನ ತೂತುಗಳವರೆಗೆ ಹೋಗಲಿಲ್ಲ. ಒಂದು ಗೇಣು ಕೆಳಗೇ ನಿಂತಿತು.

"ಪೂರ್ತಿ ಎತ್ತು," ಎಂದ ಟೇಪಣ್ಣ.

"ಪೂರ್ತಿ ಎತ್ತಿರೋದೇ ಇದು."

ಮೊಣಕೈ ಮಡಿಸಿಕೊಂಡೇ ಇತ್ತು. ಭುಜ ಅಷ್ಟಕ್ಕೇ ಬಿಗಿಯಾಗಿತ್ತು. ಅವಳು ಹಲ್ಲು ಕಚ್ಚಿ ಹಿಡಿದಿದ್ದಳು, ಅದೂ ಕಾಣುತ್ತಿತ್ತು. ಆಗ ಟೇಪಣ್ಣನ ಕಣ್ಣಿಗೆ ಇನ್ನೊಂದು ಬಿತ್ತು. ಎತ್ತಿದ ತೋಳಿನ ಕೆಳಗೆ, ಕಂಕುಳಿನ ಹತ್ತಿರ ಬ್ಲೌಸಿಗೆ ಒಂದು ಸಣ್ಣ ತುಂಡು ಬಟ್ಟೆ ಸೇರಿತ್ತು. ಅವನು ಹಾಕಿದ್ದಲ್ಲ. ಅವನು ಹೊಲಿದುಕೊಟ್ಟ ತೋಳನ್ನು ಬಿಚ್ಚಿ, ಎತ್ತಲಾಗದ ಕೈಗೆ ಬಿಗಿಯಾಗದಂತೆ ಒಳಗೊಂದು ತುಂಡು ಕೂರಿಸಿ, ಮತ್ತೆ ಕೈಯಲ್ಲೇ ಹೊಲಿದಿದ್ದಳು. ಅದೇ ಬಟ್ಟೆ, ಅದೇ ಬಣ್ಣದ ದಾರ, ಒಂದು ಎಳೆಯೂ ಆಚೀಚೆಯಿಲ್ಲ. ಕೈ ಕೆಳಗಿದ್ದರೆ ದೇವರಿಗೂ ಕಾಣದು. ಹೀಗೆ ಎಷ್ಟು ಬ್ಲೌಸು ಬಿಚ್ಚಿ ಹೊಲಿದುಕೊಂಡಿದ್ದಾಳೋ. ಎಲ್ಲ ಅವನ ಎದುರಿನ ಸ್ಟೂಲಿನ ಮೇಲೆ ಕೂತೇ.

ಷಡ್ಡಕ ಅವಳ ಬೆರಳ ತುದಿಯ ಹತ್ತಿರ ಉಳಿಯಿಟ್ಟು ಮೆಲ್ಲಗೆ ತಟ್ಟಿದ. ಗಾರೆಯ ಒಂದು ಬಿಲ್ಲೆ ಕಳಚಿ ಬಿತ್ತು. ಜಾಯಿಂಟು ಅಲ್ಲಿತ್ತು.

"ಯಾವಾಗಿಂದ?" ಎಂದು ಕೇಳಿದ ಟೇಪಣ್ಣ.

"ಸ್ಕೂಲಿನ ಯೂನಿಫಾರಂ ಎಲ್ಲ ಒಟ್ಟಿಗೆ ಹೊಲಿದ್ವಲ್ಲ, ಆ ವರ್ಷದಿಂದ. ಬಗ್ಗಿ ಬಗ್ಗಿ ಕಾಜಾ ಮಾಡಿ ಹಿಡ್ಕೊಂಡಿದ್ದು, ಬಿಡ್ಲೇ ಇಲ್ಲ." ಅವಳು ಕೈ ಇಳಿಸಿ ಇನ್ನೊಂದು ಕೈಯಿಂದ ಭುಜ ಒತ್ತಿಕೊಂಡಳು.

"ನಂಗೆ ಹೇಳ್ಲೇ ಇಲ್ಲ."

"ಇಷ್ಟೇ ಹೋಗೋದು ಅಂದೆನಲ್ಲ. ಸೋಮಾರಿ ಅಂದ್ರಿ."

ಷಡ್ಡಕ ಉಳಿಯನ್ನು ಒರೆಸುತ್ತಾ ನಿಂತಿದ್ದ. "ನಮ್ಮನೇಲಿ ಮೇಲಿನ ಶೆಲ್ಫಿಂದ ಡಬ್ಬ ಬೇಕಾದ್ರೆ ನನ್ನ ಕೂಗ್ತಾಳಪ್ಪ. ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ," ಎಂದ. ಅವನು ಚುಚ್ಚಬೇಕೆಂದು ಹೇಳಿರಲಿಲ್ಲ. ಅದಕ್ಕೇ ಅದು ಪ್ಯಾಂಟಿನ ಮಾತಿಗಿಂತ ಆಳಕ್ಕೆ ಹೋಯಿತು.

ಟೇಪಣ್ಣನಿಗೆ ನಾಚಿಕೆಯಾಯಿತು. ಅಡುಗೆಮನೆಯಲ್ಲಿ ತಾನು ಬೈದುಕೊಂಡು ಎತ್ತಿ ಮೇಲಿಟ್ಟ ಡಬ್ಬಗಳು ನೆನಪಾದವು. ಅವಳು ಎದುರಿಗೇ ನಿಂತಿದ್ದರೂ ಅವಳ ಮುಖ ನೋಡಲಾಗದೆ ಅಡುಗೆಮನೆಗೆ ಹೋಗಿ ಡಬ್ಬಗಳನ್ನೆಲ್ಲ ಒಂದೊಂದಾಗಿ ಕೆಳಗಿಳಿಸತೊಡಗಿದ. ಒಳಗಿನಿಂದ ತಗಡಿನ ಸದ್ದು ಕೇಳಿ ಷಡ್ಡಕ, "ಇವನಿಗೇನಾಯ್ತು?" ಎಂದ. "ಬಿಡಿ ಭಾವ, ಬರ್ತಾರೆ," ಎಂದಳು ಅವಳು.

ವಾಪಸ್ಸು ಬಂದವನಿಗೆ ಷಡ್ಡಕ ತೀರ್ಪು ಕೊಟ್ಟ. ಪಾಸಿಲ್ಲ. ಪ್ರತಿ ಜಾಯಿಂಟಿಗೂ ಮುಚ್ಚಳ ಇರುವ ಡಬ್ಬಿ ಕೂರಿಸಬೇಕು. ಮುಚ್ಚಳ ಗೋಡೆಯ ಮೇಲೆ ಕಾಣಬೇಕು, ಅದರ ಮೇಲೆ ಪುಟ್ಟಿಗಿಟ್ಟಿ ಮೆತ್ತಿದರೆ ಕೈ ಮುರಿಯುತ್ತೇನೆ. ಬೋರ್ಡುಗಳಲ್ಲಿ ತುರುಕಿದ ವೈರು ಕತ್ತರಿಸಬೇಕು. ಮಲಗುವ ಕೋಣೆಯ ಓರೆ ಕಿತ್ತು ನೆಟ್ಟಗೆ ಎಳೆಯಬೇಕು. ಮುಂದಿನ ಭಾನುವಾರ ಮತ್ತೆ ಬರುತ್ತೇನೆ.

"ಆಗ್ಲಿ ಅಣ್ಣ," ಎಂದ ಟೇಪಣ್ಣ. ಮುಚ್ಚಳ ಕಂಡರೆ ಗೋಡೆ ಅಸಹ್ಯವಾಗುತ್ತದೆ ಎಂದು ಒಂದು ಮಾತೂ ಆಡಲಿಲ್ಲ. ಇವನು ನಿಜವಾಗಿಯೂ ಟೇಪಣ್ಣನೇ ಎಂದು ಷಡ್ಡಕ ಎರಡು ಸಲ ನೋಡಿದ.

"ಪ್ಯಾಂಟು ಬಿಟ್ಟು ಹೋಗಿ," ಎಂದೂ ಸೇರಿಸಿದ ಟೇಪಣ್ಣ. "ಆ ತೇಪೆ ನನ್ನ ಕೈಲಿ ನೋಡೋಕಾಗಲ್ಲ."

"ಇಲ್ಲೇ ಬಿಚ್ಚಿ ಕೊಡ್ಲಾ?"

"ನಾಳೆ ಕಳ್ಸಿ ಭಾವ," ಎಂದಳು ಹೆಂಡತಿ. "ಹಾಗೇ ಅಕ್ಕನಿಗೆ ಹೇಳಿ, ನನ್ನ ಬಟ್ಟೆ ಗಂಟೂ ಅದರ ಜೊತೆಗೇ ಕಳ್ಸಲಿ."

ಟೇಪಣ್ಣ ಅವಳ ಕಡೆ ತಿರುಗಿದ. "ಪಾಸ್ ಆಗ್ಲಿಲ್ವಲ್ಲ."

"ಆಗ್ಲಿಲ್ಲ. ಫ್ಯೂಸ್ ನನ್ನ ಹತ್ರಾನೇ ಇರುತ್ತೆ," ಎಂದು ಚೀಲವನ್ನು ಒಯ್ದು ಕಿಟಕಿಯ ಹತ್ತಿರದ ಸ್ಟೂಲಿನ ಪಕ್ಕ ಇಟ್ಟಳು.

ಷಡ್ಡಕ ಹೋದ ಮೇಲೆ ಟೇಪಣ್ಣ ಕೊರಳಿನ ಟೇಪು ತೆಗೆದು ಅವಳ ಮುಂದೆ ನಿಂತ. ಅವಳಿಗೇ ಅರ್ಥವಾಗಿ ಎದ್ದು ನಿಂತಳು. ಭುಜ ಅಳೆದ, ತೋಳು ಅಳೆದ, ಕೈ ಎಷ್ಟು ಎತ್ತಬಹುದೋ ಅಷ್ಟು ಎತ್ತಿಸಿ ಅದನ್ನೂ ಅಳೆದ. ಒಂದು ಅಂಕಿಯೂ ಹಳೆಯದರ ಜೊತೆ ತಾಳೆಯಾಗಲಿಲ್ಲ.

ಮುಂದಿನ ಭಾನುವಾರ ವೈರಿಂಗ್ ಪಾಸಾಯಿತು. ಅದರಲ್ಲೇನೂ ದೊಡ್ಡ ಕಥೆಯಿಲ್ಲ. ಫ್ಯೂಸು ಚೀಲದಿಂದ ಹೊರಗೆ ಬಂತು, ಫ್ಯಾನು ಗೊಣಗದೆ ತಿರುಗಿತು, ಷಡ್ಡಕ ತೇಪೆ ಕಾಣದ ಪ್ಯಾಂಟಿನಲ್ಲಿ ಬಗ್ಗಿ ಬಗ್ಗಿ ತೋರಿಸಿ ಟೀ ಕುಡಿದು ಹೋದ. ಹೇಳಬೇಕಾದದ್ದು ನಡುವಿನ ವಾರದ ಸಂಗತಿ.

ಆ ವಾರ ಮಿಷನ್ನಿಗೆ ಬಟ್ಟೆ ಮುಚ್ಚಿಯೇ ಇತ್ತು. ಡಬ್ಬಿ ಕೂರಿಸಿ ಜಾಯಿಂಟು ಮಾಡುವುದನ್ನು ಷಡ್ಡಕ ಇಬ್ಬರಿಗೂ ತೋರಿಸಿಕೊಟ್ಟು ಹೋಗಿದ್ದ. ಕಾಜಾ ಮಾಡಿದ ಬೆರಳುಗಳು ಅವಳವು, ಟೇಪಣ್ಣ ಒಂದು ಸ್ಕ್ರೂ ಹಿಡಿಯುವುದರೊಳಗೆ ಅವಳು ಎರಡು ಬಿಗಿಮಾಡಿ ಮುಗಿಸುತ್ತಿದ್ದಳು. ಎರಡನೆಯ ಡಬ್ಬಿಗೇ ಸ್ಕ್ರೂ ಡ್ರೈವರ್ ಅವಳ ಕೈಗೆ ಹೋಯಿತು. ಮಲಗುವ ಕೋಣೆಯ ಡಬ್ಬಿಯನ್ನು ಅವಳ ಎದೆಯ ಎತ್ತರಕ್ಕೆ, ಕೈ ಎತ್ತದೆಯೇ ಸಿಗುವಲ್ಲಿ ಕೂರಿಸಿದರು. ಅದನ್ನು ಟೇಪಣ್ಣನೇ ಅಳೆದು ಗುರುತು ಹಾಕಿದ್ದ. ಮೇಲಿನಿಂದ ನೆಟ್ಟಗೆ ಇಳಿದ ವೈರುಗಳು ಸಡಿಲಾಗಿ ಜೋತು ಬೀಳದಂತೆ ಯಾರಾದರೂ ಎತ್ತಿ ಹಿಡಿಯಬೇಕಿತ್ತು. ಟೇಪಣ್ಣ ಹಿಡಿದು ನಿಂತ. ಅವಳು ಅವಸರ ಮಾಡಲಿಲ್ಲ. ಒಂದೊಂದು ತುದಿಯನ್ನೂ ಸುಲಿದು, ಹೆಣೆದು, ಸುತ್ತಿ, ಸರಿಯಿಲ್ಲವೆನಿಸಿ ಬಿಚ್ಚಿ ಮತ್ತೆ ಸುತ್ತಿದಳು. ಅವನ ತೋಳು ಜೋಮು ಹಿಡಿಯಿತು, ಭುಜ ಉರಿಯತೊಡಗಿತು, ಕೈ ತಾನಾಗಿ ಕೆಳಗೆ ಜಾರಿತು.

"ಇನ್ನೂ ಸ್ವಲ್ಪ ಮೇಲೆ ಹಿಡೀರಿ," ಎಂದಳು ಅವಳು, ತಲೆಯೆತ್ತದೆ.

ಟೇಪಣ್ಣ ಮೇಲೆ ಹಿಡಿದ.